ಒಡಪು ಹೇಳದವರಿಗೆ ಓಟಿಪಿ ಇಲ್ಲ

ಜಗತ್ತಿನ ಆನ್‌ಲೈನ್ ಕಳ್ಳರೆಲ್ಲ ಸೇರಿ ಒಂದು ಸಂಘ ಕಟ್ಟಿಕೊಂಡರೆ, ಅದರ ಮೊದಲ ಸಭೆಯಲ್ಲೇ ನಮ್ಮ ಸೋದರತ್ತೆಯ ವಿರುದ್ಧ ಖಂಡನಾ ನಿರ್ಣಯ ಪಾಸಾಗುತ್ತದೆ. ಇದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಪಾಪ, ಅವರು ದಿನವಿಡೀ ಕೂತು ಬರೆದು ಕಳಿಸುವ ಇಮೇಲುಗಳನ್ನು ನೀವು ನಾವಾದರೆ ಏನು ಮಾಡುತ್ತೇವೆ? ಒಂದೋ ಅಳಿಸಿ ಹಾಕುತ್ತೇವೆ, ಇಲ್ಲವೇ ಮೋಸಹೋಗುತ್ತೇವೆ. ಎರಡರಲ್ಲೂ ಕಳ್ಳನಿಗೆ ಒಂದು ಮರ್ಯಾದೆ ಇದೆ. ನಮ್ಮತ್ತೆ ಎರಡನ್ನೂ ಮಾಡುವುದಿಲ್ಲ. ಬಂದದ್ದನ್ನೆಲ್ಲ ಕೊನೆಯ ಅಕ್ಷರದವರೆಗೆ ಓದುತ್ತಾಳೆ, ಓದಿ ಉತ್ತರ ಬರೆಯುತ್ತಾಳೆ, ಉತ್ತರದಲ್ಲಿ ಒಂದೇ ಒಂದು ಪ್ರಶ್ನೆ ಕೇಳುತ್ತಾಳೆ. ಆ ಪ್ರಶ್ನೆಗೆ ಜವಾಬು ಕೊಡಲಾಗದೆ ಎಷ್ಟು ಕಳ್ಳರು ಧಂದೆ ಬಿಟ್ಟು ಭತ್ತ ನಾಟಿ ಮಾಡಲು ಹೋಗಿದ್ದಾರೋ ದೇವರಿಗೇ ಗೊತ್ತು!

ಅತ್ತೆ ಇರುವುದು ಗಂಗಾವತಿಯ ಬಸ್ ನಿಲ್ದಾಣದ ಎದುರಿನ ಓಣಿಯಲ್ಲಿ, ಮಾಳಿಗೆ ಮೇಲಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ. ಕಿಟಕಿ ತೆಗೆದರೆ ಧೂಳು, ಮುಚ್ಚಿದರೆ ಸೆಕೆ. ನಮ್ಮ ಮನೆಗೆ ಬಂದುಬಿಡು ಎಂದು ಅಪ್ಪ ಹೇಳಿ ಹೇಳಿ ಸಾಕಾದರು. ಅವಳು ಕೇಳಲಿಲ್ಲ. ಕಿಟಕಿಯ ಪಕ್ಕ ಕೂತು ಹಳೆ ಸೀರೆ ತುಂಡುಗಳ ಕೌದಿ ಹೊಲಿಯುತ್ತಾಳೆ, ಒಂದು ಕಣ್ಣು ಸೂಜಿಯ ಮೇಲೆ, ಇನ್ನೊಂದು ಕಣ್ಣು ಬಂದು ನಿಲ್ಲುವ ಬಸ್ಸುಗಳ ಮೇಲೆ. ಮೊಬೈಲು ಮಾತ್ರ ಮಡಿಲಲ್ಲಿ. ಅದು ಕಿಣ್ ಎಂದರೆ ಸೂಜಿ ನಿಲ್ಲುತ್ತದೆ. ಯಾಕೆ ಹೀಗೆ ಎಂಬುದಕ್ಕೆ ನಮ್ಮ ಮಾವನ ಕಥೆ ಹೇಳಬೇಕು.

ಮಾವ, ಎಂದರೆ ಅತ್ತೆಯ ಗಂಡ, ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದ. ಕುಷ್ಟಗಿ, ಯಲಬುರ್ಗಾ, ಕೊಪ್ಪಳ, ಗಂಗಾವತಿ ನಡುವೆ ಅವನು ಹರಿದು ಕೊಟ್ಟ ಟಿಕೆಟ್ಟುಗಳನ್ನೆಲ್ಲ ರಸ್ತೆಗೆ ಹಾಸಿದ್ದರೆ ಈಗಿರುವುದಕ್ಕಿಂತ ಸಪಾಟಾದ ರಸ್ತೆ ಆಗುತ್ತಿತ್ತು. ನಿವೃತ್ತನಾದ ಮೇಲೆ ಅವನಿಗೆ ಮರೆವು ಹತ್ತಿತು. ಮೊದಲು ಚಪ್ಪಲಿ ಮರೆತ, ಆಮೇಲೆ ಓಣಿ ಮರೆತ, ಆಮೇಲೆ ಮನುಷ್ಯರನ್ನು ಮರೆತ. ಬೆಳಿಗ್ಗೆ ಎದ್ದು ಹೆಂಡತಿಯನ್ನೇ ನೋಡಿ, ಎಲ್ಲಿಗೆ ಹೋಗಬೇಕ್ರಿ ಅಮ್ಮಾರ ಎಂದು ಕೇಳುತ್ತಿದ್ದ. ಅತ್ತೆ ಗಂಗಾವತಿಗ್ರಿ ಎನ್ನುತ್ತಿದ್ದಳು. ಹಿಂದ ಸೀಟು ಅದಾವು ಕುಂದರ್ರಿ ಎಂದು ಮಾವ ಮಂಚದ ತುದಿ ತೋರಿಸುತ್ತಿದ್ದ. ಅವಳು ನಿಜವಾಗಿಯೂ ಹೋಗಿ ಕೂರುತ್ತಿದ್ದಳು. ನಾವು ನಗುತ್ತಿದ್ದೆವು, ಅವಳೂ ನಗುತ್ತಿದ್ದಳು. ಆಮೇಲೆ ಚಹಾ ಕೊಡುವ ನೆಪದಲ್ಲಿ ಅವನ ಕಿವಿಯ ಬಳಿ ಬಾಗಿ ಏನೋ ಪಿಸುಗುಡುತ್ತಿದ್ದಳು, ಅವನೂ ಏನೋ ತಿರುಗಿ ಹೇಳುತ್ತಿದ್ದ. ಕಪ್ಪು ಖಾಲಿಯಾಗುವುದರೊಳಗೆ ಹೆಂಡತಿಯ ಗುರುತು ಹತ್ತುತ್ತಿತ್ತು. ಅದೇನು ಮಂತ್ರ ಹಾಕುತ್ತಿದ್ದಳೋ, ನಾವು ಯಾರೂ ಕೇಳಲಿಲ್ಲ.

ಒಂದು ದಿನ ಕೊಪ್ಪಳದ ಡಾಕ್ಟರಿಗೆ ತೋರಿಸಿಕೊಂಡು ಇಬ್ಬರೂ ಅಲ್ಲಿನ ಬಸ್ ನಿಲ್ದಾಣಕ್ಕೆ ಬಂದರು. ಅವನನ್ನು ಕಲ್ಲುಬೆಂಚಿನ ಮೇಲೆ ಕೂರಿಸಿ, ಗಂಗಾವತಿ ಬಸ್ಸು ಯಾವಾಗ ಎಂದು ಕೇಳಲು ಅತ್ತೆ ಕಿಟಕಿಯವರೆಗೆ ಹೋದಳು. ತಿರುಗಿ ಬರುವಷ್ಟರಲ್ಲಿ ಬೆಂಚಿನ ಮೇಲೆ ಕೈಚೀಲ ಮಾತ್ರ ಇತ್ತು. ಯಾರೋ ಮುದುಕ ಹೊರಡುತ್ತಿದ್ದ ಬಸ್ಸಿನ ಮೈಗೆ ಎರಡು ಸಲ ತಟ್ಟಿ, ರೈಟ್ ರೈಟ್ ಎಂದು ಕೂಗಿ ಜಿಗಿದು ಹತ್ತಿಕೊಂಡ ಎಂದು ಕಡಲೆಕಾಯಿ ಮಾರುವವಳು ಹೇಳಿದಳು. ಯಾವ ಊರಿನ ಬಸ್ಸು? ಅದನ್ನು ಅವಳು ನೋಡಿರಲಿಲ್ಲ. ಆ ಹೊತ್ತಿಗೆ ನಾಲ್ಕು ದಿಕ್ಕಿಗೂ ಬಸ್ಸುಗಳು ಹೊರಟಿದ್ದವು. ಅಂದು ಹೋದ ಮಾವ ಇಂದಿಗೂ ಬಂದಿಲ್ಲ.

ಪೊಲೀಸ್ ಠಾಣೆಗೆ ಅತ್ತೆಯ ಜೊತೆ ನಾನೇ ಹೋಗಿದ್ದೆ. ಬರೆದುಕೊಳ್ಳಲು ಕೂತವರು ಕಾಣೆಯಾದವರ ಹೆಸರು ಕೇಳಿದರು. ನಮ್ಮ ಕಡೆ ಹಳೆಯ ಹೆಂಗಸರು ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ, ಒಡಪು ಹಾಕಿ ಹೇಳುತ್ತಾರೆ. ಪ್ರಾಸ ಕಟ್ಟಿದ ಎರಡು ಸಾಲು, ಅದರ ಮಡಿಲಲ್ಲಿ ಹೆಸರು. ಮದುವೆಯಲ್ಲಿ, ಬಸುರಿಗೆ ಮಾಡುವ ಕುಬುಸದಲ್ಲಿ ಹೇಳುವ ಮಾತದು, ಠಾಣೆಯಲ್ಲಿ ಹೇಳುವುದಲ್ಲ. ನಾನು ಹೆಸರು ಹೇಳಲು ಬಾಯಿ ತೆರೆಯುವುದರೊಳಗೆ ಅತ್ತೆ ಸೆರಗು ಹೊದ್ದು ನಿಂತೇಬಿಟ್ಟಳು.

"ಮುನಿರಾಬಾದ್ ಡ್ಯಾಮಿಗೆ ಕಬ್ಬಿಣದ ಬಾಗಿಲ, ನಮ್ಮ ಇಂಥವರ ಹೆಸರ ಹೇಳಾಕ ನನಗ್ಯಾಕ ದಿಗಿಲ."

ಇಂಥವರ ಎಂಬಲ್ಲಿ ಮಾವನ ಹೆಸರಿತ್ತು, ನಾನು ಬಿಟ್ಟಿದ್ದೇನೆ. ಬರೆಯುತ್ತಿದ್ದ ಹೆಣ್ಣುಮಗಳು ಕುಷ್ಟಗಿ ಕಡೆಯವಳಂತೆ. ಅವಳು ನಗಲಿಲ್ಲ, ಪೆನ್ನು ಕೆಳಗಿಟ್ಟು ಅತ್ತೆಗೆ ಕುರ್ಚಿ ಸರಿಸಿದಳು. ನಗು ಬಂದದ್ದು ನನಗೆ. ನಗುತ್ತಲೇ ಕಣ್ಣೊರೆಸಿಕೊಂಡು ಮುಖ ತಿರುಗಿಸಿಕೊಂಡೆ.

ಆಮೇಲೆ ನಾಲ್ಕೂ ತಾಲ್ಲೂಕಿನ ಬಸ್ ನಿಲ್ದಾಣಗಳಲ್ಲಿ ಫೋಟೊ ಹಚ್ಚಿದೆವು. ದೂರದವರೂ ಬರೆಯಲಿ ಎಂದು ಅತ್ತೆಯ ಹೆಸರಿನಲ್ಲಿ ಒಂದು ಇಮೇಲ್ ತೆರೆದು, ಅದರ ವಿಳಾಸವನ್ನು ಕಂಡಕಂಡಲ್ಲಿ ಹಾಕಿದೆ. ಹಾಗೆ ಹಾಕಿದ ವಿಳಾಸ ಮಾವನನ್ನು ಬಲ್ಲವರಿಗಿಂತ ಮೊದಲು ಯಾರ ಕೈಗೆ ಸಿಗುತ್ತದೆ ಎಂದು ಬೇರೆ ಹೇಳಬೇಕೆ? ವಾರ ಕಳೆಯುವುದರೊಳಗೆ ಅತ್ತೆಗೆ ವಿದೇಶದಲ್ಲಿ ಲಾಟರಿ ಹತ್ತಿತು. ಅವಳು ತರಿಸದ ಪಾರ್ಸೆಲ್ಲು ಕಸ್ಟಮ್ಸಿನಲ್ಲಿ ಸಿಕ್ಕಿಬಿತ್ತು. ಅವಳು ಖಾತೆಯನ್ನೇ ತೆರೆಯದ ಬ್ಯಾಂಕೊಂದು ಅವಳ ಖಾತೆಯನ್ನು ಸಂಜೆಯೊಳಗೆ ಬಂದ್ ಮಾಡುತ್ತೇನೆಂದು ಹೆದರಿಸಿತು. ಯಾವುದೋ ದೇಶದ ವಿಧವೆಯೊಬ್ಬಳು ತನ್ನ ಆಸ್ತಿಯನ್ನೆಲ್ಲ ಗಂಗಾವತಿಯ ಈ ಧೂಳಿನ ಓಣಿಗೇ ಬರೆದುಕೊಡಲು ತುದಿಗಾಲಲ್ಲಿ ನಿಂತಳು!

ಬೇರೆ ಯಾರಾದರೂ ಆಗಿದ್ದರೆ ಮೋಸಹೋಗುತ್ತಿದ್ದರು. ಆದರೆ ಅತ್ತೆ ಕಂಡಕ್ಟರನ ಹೆಂಡತಿ. ಬೋರ್ಡು ನೋಡಿ ಬಸ್ಸು ಹತ್ತಬಾರದು ಎಂದು ಮಾವ ಅವಳಿಗೆ ಮದುವೆಯಾದ ಹೊಸತರಲ್ಲೇ ಹೇಳಿಕೊಟ್ಟಿದ್ದನಂತೆ. ಕೊಪ್ಪಳದ ಬೋರ್ಡು ಹಾಕಿಕೊಂಡು ಯಲಬುರ್ಗಾಕ್ಕೆ ಹೋಗುವ ಬಸ್ಸುಗಳು ನಮ್ಮಲ್ಲಿ ಬೇಕಾದಷ್ಟಿವೆ, ಒಳಗಿನವರನ್ನು ಕೇಳಿ ಹತ್ತಬೇಕು. ಅದೇ ವಿದ್ಯೆಯನ್ನು ಅವಳು ಇಮೇಲಿಗೆ ಹಚ್ಚಿದಳು. ಮೇಲೆ ಬ್ಯಾಂಕಿನ ಹೆಸರಿದ್ದರೆ ಅದು ಬೋರ್ಡು. ಅದನ್ನು ಒತ್ತಿ ಹಿಡಿದರೆ ಒಳಗೆ ಕಾಣುವ ಉದ್ದದ ವಿಳಾಸವೇ ನಿಜವಾದ ಊರು. ಬ್ಯಾಂಕಿನ ಬೋರ್ಡಿನ ಹಿಂದೆ ಅಂಕಿ ಅಕ್ಷರ ಕಲಸಿದ ಯಾವುದೋ ಹಾಳೂರಿನ ವಿಳಾಸ ಇದ್ದರೆ ಅವಳು ಹತ್ತುವುದಿಲ್ಲ. ಪತ್ರದ ನಡುವಿನ ನೀಲಿ ಅಕ್ಷರದ ಲಿಂಕನ್ನಂತೂ ಸತ್ತರೂ ಒತ್ತುವುದಿಲ್ಲ. ಪ್ರಿಯ ಗ್ರಾಹಕರೇ ಎಂದು ಶುರುವಾದರೆ ಅವಳಿಗೆ ಸಿಟ್ಟು ಬರುತ್ತದೆ.

"ಹೆಸರು ಗೊತ್ತಿಲ್ಲದಾಂವ ನನ್ನ ಖಾತಿ ಬಂದ್ ಮಾಡತಾನಂತ. ಯಾರ ಖಾತಿ ಅಂತ ಹುಡುಕ್ತಾನ?"

ಅವಸರ ಮಾಡುವವರ ಬಗ್ಗೆಯೂ ಅವಳದೊಂದು ಸಿದ್ಧಾಂತವಿದೆ. ಬೇಗ ಬೇಗ ಹತ್ತಿ ಎನ್ನುವವನು ಕ್ಲೀನರ್ ಆಗಿರಬೇಕು, ಇಲ್ಲವೇ ಜೇಬುಗಳ್ಳ. ಇಮೇಲಿನಲ್ಲಿ ಕ್ಲೀನರ್ ಇರುವುದಿಲ್ಲ. ಅಲ್ಲಿಗೆ ಲೆಕ್ಕ ಮುಗಿಯಿತು.

ನಾನು ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವವನು. ಒಂದು ಮಧ್ಯಾಹ್ನ ಅತ್ತೆಗೆ ಊಟದ ಬುತ್ತಿ ಕೊಡಲು ಹೋದಾಗ ಗಿರಣಿಯ ಮೇಲ್ ಬಂತು. ನಮಗೆ ಭತ್ತ ಕೊಡಿಸುವ ಮರಳಿ ಊರಿನ ದಲ್ಲಾಳಿಯ ಹೆಸರಿನಲ್ಲಿತ್ತು. ಬ್ಯಾಂಕ್ ಖಾತೆ ಬದಲಾಗಿದೆ, ಇವತ್ತಿನ ಹಣವನ್ನು ಹೊಸ ಖಾತೆಗೆ ಹಾಕಿ, ಮೀಟಿಂಗಿನಲ್ಲಿದ್ದೇನೆ, ಫೋನ್ ಮಾಡಬೇಡಿ ಎಂದಿತ್ತು. ನಾನು ಗಿರಣಿಗೆ ಹೊರಡಲು ಎದ್ದೆ. ಅತ್ತೆ ಮೊಬೈಲು ಕಸಿದುಕೊಂಡು ಓದಿದಳು. ಮರಳಿಯವನು ಎಲ್ಲಿಯ ಮೀಟಿಂಗಿನಲ್ಲಿ ಕೂರುತ್ತಾನೆ ಎಂದು ಕೇಳಿದಳು. ಪತ್ರದಲ್ಲಿದ್ದ ನಂಬರಿಗಲ್ಲ, ನಿನ್ನ ಹತ್ತಿರ ಮೊದಲಿಂದ ಇರುವ ನಂಬರಿಗೆ ಫೋನ್ ಹಚ್ಚು ಎಂದಳು. ಹಚ್ಚಿದೆ. ಆ ಮಹಾಶಯ ಹೊಲದ ಬದುವಿನ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದ. ಅವನ ಖಾತೆ ಬದಲಾಗಿರಲಿಲ್ಲ, ಅವನು ಯಾವ ಪತ್ರವನ್ನೂ ಬರೆದಿರಲಿಲ್ಲ. ಆವತ್ತು ನನ್ನ ನೌಕರಿ ಉಳಿದದ್ದು ಅತ್ತೆಯಿಂದ. ಕೃತಜ್ಞತೆಗೆ ಒಂದು ಸೀರೆ ತಂದುಕೊಟ್ಟರೆ, ಇದರ ಬಣ್ಣ ನಿನ್ನ ಬುದ್ಧಿಯಷ್ಟೇ ಗಟ್ಟಿ ಎಂದು ಅದನ್ನು ಕೌದಿಗೆ ಹಾಕಿದಳು!

ಕಳ್ಳರಿಗೆ ಉತ್ತರ ಮಾತ್ರ ಬರೆಯಬೇಡ ಎಂದು ನಾನು ಎಷ್ಟು ಸಲ ಹೇಳಿದ್ದೇನೋ. ಉತ್ತರ ಬರೆದರೆ ಈ ವಿಳಾಸದಲ್ಲಿ ಓದುವವರೊಬ್ಬರು ಇದ್ದಾರೆ ಎಂದು ಅವರಿಗೆ ಖಾತ್ರಿಯಾಗುತ್ತದೆ, ಇನ್ನಷ್ಟು ಜನ ಬೆನ್ನು ಹತ್ತುತ್ತಾರೆ. ತಿಳಿದವರೆಲ್ಲ ಹೇಳುವುದು ಇದನ್ನೇ. ಅತ್ತೆಗೂ ಅದು ಅರ್ಥವಾಗಿತ್ತು.

"ಇಲ್ಲೊಬ್ಬಾಕಿ ಅದಾಳ ಅಂತ ಗೊತ್ತಾಗ್ಲಿ ಅಂತನ ಬರಿಯೂದು," ಎಂದಳು.

ಆ ಇಮೇಲ್ ಪೆಟ್ಟಿಗೆಯನ್ನೇ ಮುಚ್ಚಿಬಿಟ್ಟರೆ ಕಳ್ಳರ ಕಾಟ ಒಂದೇ ದಿನಕ್ಕೆ ಮುಗಿಯುತ್ತದೆ. ಆದರೆ ಮಾವನ ಸುದ್ದಿ ಬರುವುದಾದರೆ ಅದೇ ಪೆಟ್ಟಿಗೆಗೆ ಬರಬೇಕು. ನೂರು ಸುಳ್ಳಿನ ನಡುವೆ ಬರಬಹುದಾದ ಒಂದು ನಿಜಕ್ಕಾಗಿ ಅವಳು ನೂರನ್ನೂ ಓದಬೇಕು. ಲಾಟರಿಯವನಿಗೆ ಕೂಡ, ನಿಮ್ಮ ಕಡೆ ಇಂಥ ಹಿರಿಯರು ಕಂಡರೆ ತಿಳಿಸಿ ಎಂದು ಕೊನೆಗೊಂದು ಸಾಲು ಸೇರಿಸುತ್ತಿದ್ದಳು.

ಸುಳಿವು ಎಂದು ಬಂದವು ಇಲ್ಲವೆಂದಲ್ಲ. ಸಾಣಾಪುರದ ಕೆರೆಯ ಹತ್ತಿರ ಹಾದುಹೋಗುವ ಬಸ್ಸುಗಳಿಗೆಲ್ಲ ಕೈ ಮಾಡುವ ಮುದುಕನೊಬ್ಬ ಇದ್ದಾನೆ ಎಂದು ಯಾರೋ ಪ್ರವಾಸಿ ಬರೆದಿದ್ದ. ಲಿಂಕಿಲ್ಲ, ಅವಸರವಿಲ್ಲ, ದುಡ್ಡಿನ ಮಾತಿಲ್ಲ. ಇದು ನಿಜ ಎಂದಳು ಅತ್ತೆ, ಇಬ್ಬರೂ ಹೋದೆವು. ಪತ್ರ ನಿಜವೇ ಇತ್ತು, ಮುದುಕನೂ ನಿಜವೇ ಇದ್ದ, ಮಾವ ಮಾತ್ರ ಆಗಿರಲಿಲ್ಲ. ಅತ್ತೆ ಬಹಳ ಹೊತ್ತು ಅವನ ಮುಖ ನೋಡಿದಳು. ಆಮೇಲೆ ಚಹಾದಂಗಡಿಗೆ ಕರೆದೊಯ್ದು ಚಹಾ ಕುಡಿಸಿದಳು, ಅವನು ಬಸಿಯಲ್ಲಿ ಸುರಿದುಕೊಂಡು ಕುಡಿದು ಮುಗಿಸುವವರೆಗೂ ಕೂತಳು. ಇವರ ಮನೆಯಾಕೆಯೂ ಎಲ್ಲಿಯೋ ಹುಡುಕುತ್ತಿರಬೇಕು ಎಂದಳು. ಹಿಂದಕ್ಕೆ ಬರುವಾಗ ಗದ್ದೆಗಳಲ್ಲಿ ನೀರು ನಿಂತಿತ್ತು, ಸಂಜೆ ಆಗುತ್ತಿತ್ತು, ನನಗೆ ಸುಮ್ಮನೆ ಅಳು ಬರುವಂತಾಗಿತ್ತು.

ಕಳ್ಳರಿಗೂ ದಾರಿ ಗೊತ್ತಾಯಿತು. ಲಾಟರಿ, ಪಾರ್ಸೆಲ್ಲು ಬಿಟ್ಟು ನಿಮ್ಮ ಗಂಡ ಸಿಕ್ಕಿದ್ದಾರೆ ಎಂದೇ ಬರೆಯತೊಡಗಿದರು. ಇಂಥದನ್ನು ಬರೆಯಲು ಅವರಿಗೆ ಕೈ ಹೇಗೆ ಬರುತ್ತದೆ ಎಂದು ನಾನು ಹಲ್ಲು ಕಡಿಯುತ್ತಿದ್ದೆ. ಅತ್ತೆ ಕಡಿಯುತ್ತಿರಲಿಲ್ಲ. ಅವರಿಗೆಲ್ಲ ಅವಳ ಪ್ರಶ್ನೆ ಒಂದೇ. ಹಾಗಾದರೆ ಅವರನ್ನು ಕೇಳಿ, ಹೆಂಡತಿಯ ಹೆಸರಿಟ್ಟು ಅವರು ಹೇಳುವ ಒಡಪು ಯಾವುದು? ಅದನ್ನು ಹೇಳದವರಿಗೆ ಬ್ಯಾಂಕಿನ ನಂಬರೂ ಇಲ್ಲ, ಓಟಿಪಿಯೂ ಇಲ್ಲ. ಗಂಡಸರೂ ಮದುವೆಯಲ್ಲಿ ಒಡಪು ಹೇಳಬೇಕಲ್ಲ? ಮಾವನಿಗೆ ಊರ ಹೆಸರೆಲ್ಲ ಬಾಯಿಪಾಠ, ಒಡಪು ಮಾತ್ರ ನಾಲಿಗೆಗೆ ಹತ್ತುತ್ತಿರಲಿಲ್ಲವಂತೆ. ಅವನ ಅಕ್ಕ ಹಿಂದೆ ನಿಂತು ಕಿವಿಯಲ್ಲಿ ಹೇಳಿಕೊಟ್ಟು ಹೇಳಿಸಿದ್ದಳು. ಮದುವೆಯ ಹಳೆಯ ವಿಡಿಯೊ ಕ್ಯಾಸೆಟ್ಟಿನಲ್ಲಿ ಅದು ಈಗಲೂ ಕಾಣುತ್ತದೆ. ಅತ್ತೆಯ ಪ್ರಶ್ನೆ ತಲುಪಿದ ಮೇಲೆ ಕಳ್ಳರು ಗಪ್‌ಚುಪ್. ಒಬ್ಬ ಮಾತ್ರ, ಒಡಪು ಎಂದರೆ ಯಾವ ದಾಖಲೆ, ಅದರ ಜೆರಾಕ್ಸ್ ಕಳಿಸಿ ಎಂದು ಕೇಳಿದ್ದ!

ಹೀಗಿರುವಾಗ ಕಳೆದ ಚಳಿಗಾಲದಲ್ಲಿ ಒಂದು ಮೇಲ್ ಬಂತು. ದೂರದೂರಿನ ವೃದ್ಧಾಶ್ರಮದಿಂದ ಬರೆಯುತ್ತಿದ್ದೇವೆ, ನಿಮ್ಮ ಯಜಮಾನರು ನಮ್ಮಲ್ಲಿದ್ದಾರೆ, ಮೈಗೆ ಹುಷಾರಿಲ್ಲ, ಕೆಳಗಿನ ಲಿಂಕ್ ಒತ್ತಿ ವಿವರ ತುಂಬಿದರೆ ಫೋಟೊ ಕಾಣುತ್ತದೆ ಎಂದಿತ್ತು. ಅತ್ತೆ ವಾಡಿಕೆಯಂತೆ ಒಡಪು ಕೇಳಿದಳು. ಮರುದಿನ ನಾನು ಅಲ್ಲಿದ್ದಾಗಲೇ ಉತ್ತರ ಬಂತು. ಎರಡೆರಡು ಸಲ ಓದಿದೆ.

"ಹುಲಿಗಿ ಸಂತ್ಯಾಗ ಹಸರ ಬಳಿ ಸಾಲು, ನಮ್ಮ ಇಂಥಾಕಿ ನಕ್ಕಳಂದ್ರ ಮನಿ ತುಂಬ ಹಾಲು."

ಇಂಥಾಕಿ ಎಂಬಲ್ಲಿ ಅತ್ತೆಯ ಹೆಸರೇ ಇತ್ತು. ಒಂದಕ್ಷರ ತಪ್ಪಿಲ್ಲ! ಕ್ಯಾಸೆಟ್ಟಿನಲ್ಲಿ ಮಾವ ಬೆವರು ಒರೆಸಿಕೊಳ್ಳುತ್ತ ಹೇಳಿದ್ದು ಇದನ್ನೇ. ನಾನು ಕೂಗಿಕೊಂಡು ಕೆಳಗೆ ಓಡಿ ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಇದ್ದ ಬಟ್ಟೆಯಲ್ಲೇ ಹೊರಟರು. ಕೆಳಗಿನ ಬಳೆ ಅಂಗಡಿಯ ಚಾಚಾ ಅಂಗಡಿಯನ್ನು ಹಾಗೇ ಬಿಟ್ಟು ಮೇಲೆ ಬಂದು, ಶುಕರ್ ಐತಿ ಮಾಲಕನದು, ದೇವರು ದೊಡ್ಡಾಂವ ಎಂದು ಕಣ್ಣೊರೆಸಿಕೊಂಡರು. ಯಾವ ಗಾಡಿ, ಯಾರು ಯಾರು ಹೋಗುವುದು ಎಂದು ಮಾತೂ ಆಯಿತು. ಲಿಂಕ್ ಒತ್ತಲು ನನ್ನ ಬೆರಳು ಹೋಗೇ ಹೋಯಿತು. ಆಗ ಅತ್ತೆ ನನ್ನ ಮಣಿಕಟ್ಟು ಹಿಡಿದಳು.

ಅವಳು ಕನ್ನಡಕ ತೆಗೆದಿಟ್ಟಿದ್ದಳು. ಮುಖದಲ್ಲಿ ಏನೂ ಇರಲಿಲ್ಲ.

"ಬ್ಯಾಡ. ಇದು ಅವರು ಹೇಳಿದ್ದಲ್ಲ."

ಒಡಪು ಸರಿಯಿದೆಯಲ್ಲ ಎಂದೆ. ಸರಿಯಿದೆ, ಅದಕ್ಕೇ ಇದು ಅವರದಲ್ಲ ಎಂದಳು. ನನಗೆ ಅರ್ಥವಾಗಲಿಲ್ಲ, ಸಿಟ್ಟೂ ಬಂತು. ಇಷ್ಟು ದಿನ ಕಾದು, ಬಾಗಿಲಿಗೆ ಬಂದದ್ದನ್ನು ಒದೆಯುತ್ತಾಳಲ್ಲ ಈ ಹೆಂಗಸು! ಮೊಬೈಲಿನಲ್ಲಿ ಆ ಒಡಪನ್ನು ಹುಡುಕಿದಾಗ ತಿಳಿಯಿತು. ಮಾವನ ಅಣ್ಣನ ಮಗಳು, ಕಾಕಾನನ್ನು ಯಾರಾದರೂ ಗುರುತಿಸಲಿ ಎಂದು ಮದುವೆಯ ಆ ತುಣುಕನ್ನು ಹಿಂದಿನ ತಿಂಗಳು ಫೇಸ್‌ಬುಕ್ಕಿಗೆ ಹಾಕಿದ್ದಳು. ಕೆಳಗೆ ಒಡಪನ್ನೂ ಬರೆದಿದ್ದಳು, ಪ್ರೀತಿಯಿಂದಲೇ. ಬೀಗದ ಕೈ ಬಾಗಿಲಿಗೇ ತೂಗುಹಾಕಿದಂತಾಗಿತ್ತು. ಮೇಲ್ ಬಂದ ವಿಳಾಸದ ಬೋರ್ಡನ್ನು ಒತ್ತಿ ನೋಡಿದರೆ ಒಳಗೆ ಅದೇ ಹಾಳೂರು. ಚಾಚಾ ಅಂಗಡಿಗೆ ಇಳಿದು ಹೋದರು. ಅಪ್ಪ ಬಂದರು, ಸುದ್ದಿ ಕೇಳಿ ಮೆಟ್ಟಿಲ ಮೇಲೇ ಕೂತುಬಿಟ್ಟರು.

ಫೇಸ್‌ಬುಕ್ ಅತ್ತೆ ನೋಡಿರಲಿಲ್ಲ. ಮತ್ತೆ ಅವಳಿಗೆ ಹೇಗೆ ತಿಳಿಯಿತು? ಗದ್ದಲ ಇಳಿದ ಮೇಲೆ ಕೇಳಿದೆ. ಅವಳು ಸೂಜಿಗೆ ದಾರ ಪೋಣಿಸುತ್ತ ಹೇಳಿದಳು. ಮದುವೆಯ ದಿನ ಅಕ್ಕ ಹೇಳಿಕೊಟ್ಟಿದ್ದಕ್ಕೆ ಮಾವ ಸರಿ ಹೇಳಿದ್ದ, ಅಷ್ಟೇ. ಆಮೇಲೆ ಮನೆಯಲ್ಲಿ ಎಷ್ಟು ಸಲ ಹೇಳಿಸಿದರೂ ಮೊದಲ ಸಾಲು ಸರಿ, ಎರಡನೆಯದು ತಪ್ಪು. ಪ್ರತಿ ಸಲವೂ ಅದೇ ತಪ್ಪು, ಪ್ರತಿ ಸಲವೂ ಅವಳಿಗೆ ಅದೇ ನಗು. ಮರೆವು ಬಂದು ಎಲ್ಲ ಹೋದ ಮೇಲೂ ಆ ತಪ್ಪು ಹೋಗಲಿಲ್ಲ. ಬೆಳಿಗ್ಗೆ ಚಹಾ ಕೊಡುವಾಗ ಕಿವಿಯಲ್ಲಿ ಅವಳು ಹೇಳುತ್ತಿದ್ದುದು ಮೊದಲ ಸಾಲು. ಅವನು ತನ್ನ ತಪ್ಪು ಸಾಲು ಹೇಳುತ್ತಿದ್ದ, ಹೇಳಿದೊಡನೆ ಅವಳ ಮುಖ ನೋಡಿ ನಗುತ್ತಿದ್ದ.

ಏನು ತಪ್ಪು ಹೇಳುತ್ತಿದ್ದ ಎಂದು ನನಗೆ ಕೇಳದೆ ಇರಲಾಗಲಿಲ್ಲ.

"ಅದನ್ನ ಹೇಳಂಗಿಲ್ಲೋ," ಎಂದಳು. "ಅವರ ಮುಖ ನೋಡಿದ್ರ ನಾ ಗುರ್ತ ಹಿಡೀತೀನಿ. ಅದರಿಂದ ಅವರು ನನ್ನ ಗುರ್ತ ಹಿಡಿಯೂದು."

ದೂರು ಕೊಡುವುದು ನನ್ನ ಕೆಲಸ, ಮರುದಿನ ಕೊಟ್ಟೆ. ಆದರೆ ಆ ಸಂಜೆ ಅತ್ತೆ ಕಳ್ಳನಿಗೆ ಉತ್ತರ ಬರೆಯಬೇಕೆಂದು ಮೊಬೈಲನ್ನು ನನ್ನ ಕೈಗೆ ಕೊಟ್ಟಳು, ಅವಳ ಕಣ್ಣು ಮಂಜಾಗಿತ್ತು. ಚೆನ್ನಾಗಿ ಉಗಿಯೋಣ ಎಂದು ನಾನು ಹುರುಪಿನಿಂದ ಕೂತೆ. ಕೆಳಗೆ ಕೊಪ್ಪಳದ ಬಸ್ಸು ಬಂದು ನಿಂತಿತು. ಅದರಿಂದ ಇಳಿದವರನ್ನೆಲ್ಲ ಕೊನೆಯವನವರೆಗೂ ನೋಡಿ, ಅತ್ತೆ ಕಿಟಕಿಯಿಂದ ಮುಖ ತಿರುಗಿಸದೆ ಹೇಳತೊಡಗಿದಳು. ನಾನು ಹೇಳಿದಂತೆ ಬರೆದೆ.

"ನೀವು ಯಾರೋ ನನಗ ಗೊತ್ತಿಲ್ಲ. ನಾಕೂರ ಮಂದಿಗೆ ಕಾಗದ ಬರಿಯೋರು ಅದೀರಿ, ಎಲ್ಲ್ಯರ ನಮ್ಮವರು ಕಂಡರ ಮೊದಲನೇ ಸಾಲು ನೀವು ಹೇಳ್ರಿ. ಎರಡನೇದು ಸರಿ ಹೇಳಿದ್ರ ಅವರಲ್ಲ, ಬಿಟ್ಟುಬಿಡ್ರಿ. ತಪ್ಪು ಹೇಳಿದ್ರ ಅವರ ನಮ್ಮವರು. ಒಂದು ಕಪ್ ಚಾ ಕುಡಿಸಿ ಕುಂದರಸ್ರಿ, ನಾ ಬರತೀನಿ."